ಸೆಟ್ ಎಂದ ಮೇಲೆ ಅಲುಗಿದರೆ ಮನೆಗೆ: ಫಾಲ್ಸ್ ಸ್ಟಾರ್ಟ್ ನಿಯಮ ನಮ್ಮ ಮೈದಾನಗಳಿಗೆ ಹೊಂದುತ್ತದೆಯೇ?

ಕಕ್ಕಡ ಮಳೆ, ವಿರಾಜಪೇಟೆ

ಕಳೆದ ವಾರ ನಮ್ಮ ಕಡೆಯ ಶಾಲಾ ಕ್ರೀಡಾಕೂಟವೊಂದರಲ್ಲಿ ನನ್ನ ಅಕ್ಕನ ಮಗಳು 100 ಮೀಟರ್ ಓಟದ ಫೈನಲ್‌ನಲ್ಲಿ ಫಾಲ್ಸ್ ಸ್ಟಾರ್ಟಿಗೆ, ಅಂದರೆ ಸಂಜ್ಞೆಗಿಂತ ಮುಂಚೆ ಹೊರಟ ತಪ್ಪಿಗೆ, ಅನರ್ಹಳಾದಳು. ಮಳೆ ನಿಂತು ಎರಡು ಗಂಟೆಯೂ ಆಗಿರದ ಮೈದಾನ, ಸುಣ್ಣದ ಗೆರೆ ಅರ್ಧ ಅಳಿಸಿಹೋಗಿದ್ದ ಆರು ಲೇನ್, ಪಾದ ಒತ್ತಿ ಹೊರಡುವ ಸ್ಟಾರ್ಟಿಂಗ್ ಬ್ಲಾಕ್ ಇಲ್ಲ, ಪಿಸ್ತೂಲಿನ ಬದಲು ಬಡಿದು ಸದ್ದು ಮಾಡುವ ಕ್ಲ್ಯಾಪರ್ ಹಲಗೆ. 'ಸೆಟ್' ಎಂದ ಮೇಲೆ ಪಕ್ಕದ ಲೇನಿನ ಹುಡುಗಿ ಮುಂದಕ್ಕೆ ವಾಲಿದಳು, ಅವಳನ್ನು ಕಂಡು ನಮ್ಮವಳೂ ಹೊರಟಳು, ಒಂದೂವರೆ ಹೆಜ್ಜೆ ಇಟ್ಟು ಇಬ್ಬರೂ ನಿಂತರು. ಇಬ್ಬರನ್ನೂ ಹೊರಗೆ ಕಳಿಸಲಾಯಿತು. ನಾನು ಹೋಗಿ ವಿಚಾರಿಸಿದಾಗ ಸಿಕ್ಕ ಉತ್ತರ ಇಷ್ಟೇ: "ಇದು ಅಂತರರಾಷ್ಟ್ರೀಯ ನಿಯಮ. ಉಸೇನ್ ಬೋಲ್ಟನನ್ನೇ ಬಿಡಲಿಲ್ಲ, ನಿಮ್ಮ ಹುಡುಗಿಯನ್ನು ಬಿಡುವುದು ಹೇಗೆ?"

ಅವಳು ಅಲುಗಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಅಲುಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಬೋಲ್ಟ್ ಓಡಿದಂಥ ಮೈದಾನದಲ್ಲಿ ಪ್ರತಿಯೊಬ್ಬನ ಕಾಲ ಕೆಳಗೂ ಸೆಕೆಂಡಿನ ಸಾವಿರದ ಒಂದು ಭಾಗವನ್ನು ಅಳೆಯುವ ಯಂತ್ರವಿರುತ್ತದೆ, ಪ್ರತಿಯೊಬ್ಬನ ಬೆನ್ನ ಹಿಂದೆಯೂ ಧ್ವನಿವರ್ಧಕವಿರುತ್ತದೆ. ಆ ವ್ಯವಸ್ಥೆಯನ್ನೆಲ್ಲ ಬಿಟ್ಟು ಅದರ ಶಿಕ್ಷೆಯನ್ನು ಮಾತ್ರ ಇಲ್ಲಿಗೆ ತಂದುಕೊಳ್ಳುವುದು ನ್ಯಾಯವೇ? ಯಂತ್ರವಿರುವ ಕಡೆಯಲ್ಲಾದರೂ ಈ ನಿಯಮ ನ್ಯಾಯವಾಗಿ ನಡೆಯುತ್ತಿದೆಯೇ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಸ್ಟಾರ್ಟರ್, ಸೋಮವಾರಪೇಟೆ

ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನು 26 ವರ್ಷ ಕ್ಲ್ಯಾಪರ್ ಹಿಡಿದವನು. ಆದ್ದರಿಂದ ನನ್ನ ಮಾತಿನಲ್ಲಿ ಸ್ಟಾರ್ಟರುಗಳ ಪಕ್ಷಪಾತ ಸ್ವಲ್ಪ ಕಂಡರೆ ಕ್ಷಮಿಸಿ.

ನಿಮ್ಮ ಸೊಸೆಯ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮವನ್ನು ಉಲ್ಲೇಖಿಸಿದವರು ಅದನ್ನು ಅರ್ಧ ಮಾತ್ರ ಓದಿದ್ದಾರೆ ಎಂದು ಕಾಣುತ್ತದೆ. ಓಟಗಾರನು 'ಸೆಟ್' ಭಂಗಿಯಲ್ಲಿ ಪೂರ್ಣವಾಗಿ ನೆಲೆನಿಂತ ಮೇಲೆ ಗುಂಡಿನ ಶಬ್ದ ಕೇಳುವವರೆಗೆ ಹೊರಡುವ ಚಲನೆಯನ್ನು ಆರಂಭಿಸಬಾರದು, ಆರಂಭಿಸಿದರೆ ಅದು ಫಾಲ್ಸ್ ಸ್ಟಾರ್ಟ್, ಮತ್ತು 2010ರ ಜನವರಿ 1ರಿಂದ ಒಂದೇ ಒಂದು ಫಾಲ್ಸ್ ಸ್ಟಾರ್ಟಿಗೆ ಅನರ್ಹತೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ನಿಯಮದ ಕೆಳಗೆ ಒಂದು ವಿವರಣೆಯಿದೆ: ಒಬ್ಬ ತಪ್ಪಾಗಿ ಹೊರಟಾಗ ಉಳಿದವರು ಅವನ ಹಿಂದೆ ಹೊರಡುವುದು ಸಹಜ, ಅಕ್ಷರಶಃ ನೋಡಿದರೆ ಅವರದೂ ಫಾಲ್ಸ್ ಸ್ಟಾರ್ಟೇ, ಆದರೂ ಅದಕ್ಕೆ ಕಾರಣನಾದವನನ್ನು ಮಾತ್ರ ಸ್ಟಾರ್ಟರ್ ಹೊಣೆ ಮಾಡಬೇಕು. ಹೊಣೆ ಯಾರದು ಎಂಬುದು ಸ್ಟಾರ್ಟರನ ವಿವೇಚನೆಗೆ ಬಿಟ್ಟದ್ದು. ನೀವು ಬರೆದಂತೆಯೇ ಘಟನೆ ನಡೆದಿದ್ದರೆ ಪಕ್ಕದ ಹುಡುಗಿ ಹೊರಗೆ ಹೋಗಬೇಕಿತ್ತು, ನಿಮ್ಮವಳು ಗೆರೆಗೆ ಮರಳಬೇಕಿತ್ತು.

ಇನ್ನೊಂದನ್ನೂ ಹೇಳಬೇಕು. ಗೆರೆಯ ಮೇಲೆ ಅಲುಗಿದ್ದೆಲ್ಲ ಫಾಲ್ಸ್ ಸ್ಟಾರ್ಟ್ ಅಲ್ಲ. ಕೈ ನೆಲದಿಂದ ಏಳದೆ, ಪಾದ ಬ್ಲಾಕನ್ನು ಬಿಡದೆ ದೇಹ ತೂಗಾಡಿದರೆ ಅದಕ್ಕೆ ಎಚ್ಚರಿಕೆ ಕೊಡಬಹುದು, ಫಾಲ್ಸ್ ಸ್ಟಾರ್ಟ್ ಎಂದು ಹೊರಗೆ ಕಳಿಸುವಂತಿಲ್ಲ. ಪ್ರೇಕ್ಷಕರ ಗಲಾಟೆಯೋ ಮತ್ತಾವುದೋ ಹೊರಗಿನ ಸದ್ದೋ ಕಾರಣವಾಗಿದ್ದರೆ ಎಲ್ಲರಿಗೂ ಹಸಿರು ಕಾರ್ಡ್ ತೋರಿಸಿ ಮತ್ತೆ ನಿಲ್ಲಿಸಬೇಕು. ನಮ್ಮ ಕೂಟಗಳಲ್ಲಿ ಹಸಿರು ಕಾರ್ಡನ್ನು ನಾನು ಯಾರ ಕೈಯಲ್ಲೂ ಕಂಡಿಲ್ಲ. ಕೆಂಪು ಮಾತ್ರ ಎಲ್ಲರ ಜೇಬಿನಲ್ಲೂ ಇರುತ್ತದೆ, ಅದೂ ಹೆಚ್ಚಾಗಿ ಫುಟ್‌ಬಾಲಿನದು.

ಸ್ಟಾರ್ಟರನ ಕಷ್ಟವನ್ನೂ ಯೋಚಿಸಿ. ಆರು ಲೇನ್, ಎರಡು ಕಣ್ಣು. ಅವನ ಜೊತೆಗೆ, ತಪ್ಪು ಕಂಡರೆ ಓಟವನ್ನು ವಾಪಸು ಕರೆಯುವ ಇಬ್ಬರು ರೀಕಾಲರುಗಳು ಬೇರೆ ಬೇರೆ ಕೋನದಿಂದ ನೋಡುತ್ತಿರಬೇಕು. ತಾಲ್ಲೂಕು ಕೂಟದಲ್ಲಿ ರೀಕಾಲರ್ ಆಗಬೇಕಾದ ಮೇಷ್ಟ್ರು ಆ ಹೊತ್ತಿಗೆ ಮಕ್ಕಳ ಊಟದ ಸಾಲನ್ನು ನೋಡಿಕೊಳ್ಳುತ್ತಿರುತ್ತಾರೆ.

ಹಾರಂಗಿ ದಂಡೆ, ಕುಶಾಲನಗರ

ಮೇಷ್ಟ್ರ ವಿವರಣೆಗೆ ಧನ್ಯವಾದ. ಆದರೂ ನಿಯಮದ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ. ಒಂದೇ ತಪ್ಪಿಗೆ ಹೊರಗೆ ಎಂಬುದು ಕ್ರೂರವಾಗಿ ಕಾಣುತ್ತದೆ ನಿಜ, ಆದರೆ ಅದಕ್ಕಿಂತ ಮೊದಲು ಏನಿತ್ತು ಎಂಬುದನ್ನು ನೆನಪಿಸಿಕೊಂಡರೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ.

2003ಕ್ಕಿಂತ ಮೊದಲು ಪ್ರತಿಯೊಬ್ಬ ಓಟಗಾರನಿಗೂ ಒಂದು ತಪ್ಪು ಮಾಫಿ ಇತ್ತು. ಎಂಟು ಜನರ ಫೈನಲ್‌ನಲ್ಲಿ ಎಂಟು ಬಾರಿ ತಪ್ಪಾಗಿ ಹೊರಟರೂ ಯಾರೂ ಹೊರಗೆ ಹೋಗದಿರುವ ಸಾಧ್ಯತೆಯಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಲಿನ್‌ಫರ್ಡ್ ಕ್ರಿಸ್ಟಿ ಎರಡು ಬಾರಿ ಹಾಗೆ ಹೊರಟು ಅನರ್ಹನಾದ, ಆದರೂ ಸುಲಭಕ್ಕೆ ಟ್ರ್ಯಾಕ್ ಬಿಡಲಿಲ್ಲ, ಉಳಿದವರು ಮೈ ತಣ್ಣಗಾಗುತ್ತಾ ಕಾಯಬೇಕಾಯಿತು. 2003ರಲ್ಲಿ ನಿಯಮ ಬದಲಾಯಿತು: ಮೊದಲ ತಪ್ಪು ಇಡೀ ಗುಂಪಿನ ಲೆಕ್ಕಕ್ಕೆ, ಆ ನಂತರ ಯಾರು ಹೊರಟರೂ ಅವರು ಹೊರಗೆ. ಮೇಲ್ನೋಟಕ್ಕೆ ಇದು ನ್ಯಾಯ. ನಡೆದದ್ದು ಮಾತ್ರ ಕಿಲಾಡಿತನ. ನಿಧಾನವಾಗಿ ಹೊರಡುವ ಸ್ವಭಾವದವನು ಬೇಕೆಂದೇ ಮೊದಲ ತಪ್ಪನ್ನು ಮಾಡಿ ಎಲ್ಲರ ಕೊರಳಿಗೂ ಹಗ್ಗ ಕಟ್ಟುತ್ತಿದ್ದ. ಆಮೇಲೆ ಚುರುಕಾಗಿ ಹೊರಡುವವನು ಅಂಜುತ್ತಾ ಕೂರಬೇಕು. ಆ ವರ್ಷವೇ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಜಾನ್ ಡ್ರಮಂಡ್ ತಾನು ಅಲುಗಲೇ ಇಲ್ಲವೆಂದು ಟ್ರ್ಯಾಕಿನ ಮೇಲೆ ಅಂಗಾತ ಮಲಗಿಬಿಟ್ಟ. ಗುಂಡಿನ ನಂತರ ಅವನು ಹೊರಡಲು ತೆಗೆದುಕೊಂಡದ್ದೆಂದು ಯಂತ್ರ ತೋರಿಸಿದ್ದು 0.052 ಸೆಕೆಂಡು, ಕನಿಷ್ಠ ಮಿತಿ 0.100. ಅವನ ಜೊತೆಗೆ ಅಸಾಫಾ ಪೊವೆಲ್‌ಗೂ 0.086 ಎಂದು ಬಂದು ಅವನೂ ಹೊರಗಾದ.

2010ರ ನಿಯಮ ಇದನ್ನೆಲ್ಲ ಮುಗಿಸಿತು. ಬೋಲ್ಟ್ 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೊರಗೆ ಹೋದಾಗ ಲೋಕವೇ ಮರುಗಿತು, ಯೊಹಾನ್ ಬ್ಲೇಕ್ 9.92ರಲ್ಲಿ ಗೆದ್ದ, ಆದರೆ ಸ್ವತಃ ಬೋಲ್ಟ್‌ಗೂ ವಿನಾಯಿತಿ ಸಿಗದ ನಿಯಮವೆಂಬ ಕಾರಣಕ್ಕೇ ಅದಕ್ಕೆ ಗೌರವ ಬಂತು. ಚುರುಕಾಗಿ ಹೊರಡದಿದ್ದರೆ ಗೆಲುವಿಲ್ಲ ಎಂಬುದೂ ಸುಳ್ಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೋವಾ ಲೈಲ್ಸ್ 0.178 ಸೆಕೆಂಡು ತೆಗೆದುಕೊಂಡು ಹೊರಟವನು. ಆ ಫೈನಲ್‌ನಲ್ಲಿ ಅದಕ್ಕಿಂತ ನಿಧಾನವಾಗಿ ಹೊರಟವರಿಲ್ಲ, ಚಿನ್ನ ಗೆದ್ದವನು ಅವನೇ. ಕಾಯುವುದನ್ನು ಕಲಿತರೆ ಆಯಿತು. ಮಕ್ಕಳಿಗೆ ಅದನ್ನು ಚಿಕ್ಕಂದಿನಲ್ಲೇ ಕಲಿಸುವುದರಲ್ಲಿ ಅನ್ಯಾಯವೇನಿದೆ?

ಫಿಸಿಯೋ, ಮಡಿಕೇರಿ

ಹಾರಂಗಿಯವರೇ, ನೀವು ಕೊಟ್ಟ ಉದಾಹರಣೆಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ದೇಗುವಿನಲ್ಲಿ ಬೋಲ್ಟ್ ಗುಂಡು ಹಾರುವ ಮೊದಲೇ ಬ್ಲಾಕ್ ಬಿಟ್ಟಿದ್ದ. ಅದನ್ನು ಹೇಳಲು ಯಂತ್ರವೇ ಬೇಕಿರಲಿಲ್ಲ, ದೂರದರ್ಶನದಲ್ಲಿ ನೋಡುತ್ತಿದ್ದ ಮಗುವೂ ಹೇಳುತ್ತಿತ್ತು. ಆದರೆ ಪೊವೆಲ್‌ನ 0.086 ಗುಂಡು ಹಾರಿದ ನಂತರದ ಸಮಯ. ಶಬ್ದ ಬಂದ ಮೇಲೆಯೇ ಅವನು ಹೊರಟದ್ದು. ಅವನನ್ನು ಹೊರಗೆ ಹಾಕಿದ್ದು ಕಣ್ಣಿಗೆ ಕಂಡ ತಪ್ಪಿಗಲ್ಲ, ಒಂದು ಊಹೆಯ ಆಧಾರದ ಮೇಲೆ: ಶಬ್ದ ಕೇಳಿ 0.100 ಸೆಕೆಂಡಿನೊಳಗೆ ಮನುಷ್ಯ ಪ್ರತಿಕ್ರಿಯಿಸಲಾರ, ಆದ್ದರಿಂದ ಅದಕ್ಕಿಂತ ಬೇಗ ಹೊರಟವನು ಗುಂಡನ್ನು ಊಹಿಸಿಯೇ ಹೊರಟಿರಬೇಕು.

ಈ ಊಹೆ ಎಷ್ಟು ಗಟ್ಟಿ? ಶಬ್ದ ಕಿವಿಗೆ ಬಡಿಯಬೇಕು, ಕಿವಿಯ ನರ ಅದನ್ನು ಮೆದುಳಿಗೆ ಒಯ್ಯಬೇಕು, ಅಲ್ಲಿಂದ ಆಜ್ಞೆ ಬೆನ್ನುಹುರಿಯ ಮೂಲಕ ತೊಡೆ ಮತ್ತು ಮೀನಖಂಡದವರೆಗೆ ಇಳಿಯಬೇಕು. ಆಜ್ಞೆ ತಲುಪಿದೊಡನೆ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಕಾಣಿಸಿಕೊಳ್ಳುತ್ತದೆ, ಆದರೆ ಬಲ ಹುಟ್ಟಲು ಇನ್ನೂ ಕೆಲವು ಮಿಲಿಸೆಕೆಂಡು ಬೇಕು, ಆ ಬಲ ಬೆಳೆದು ಬ್ಲಾಕಿನ ಯಂತ್ರಕ್ಕೆ ಗೊತ್ತಾಗುವ ಮಟ್ಟ ಮುಟ್ಟಲು ಮತ್ತಷ್ಟು ಬೇಕು. ಈ ಎಲ್ಲ ಮೊತ್ತ ಯಾವ ಮನುಷ್ಯನಲ್ಲೂ 100 ಮಿಲಿಸೆಕೆಂಡಿಗಿಂತ ಕಡಿಮೆಯಾಗದು ಎಂಬುದು ನಿಯಮದ ನಂಬಿಕೆ. ಪ್ರಯೋಗಾಲಯಗಳು ಅದನ್ನು ಪೂರ್ತಿ ಒಪ್ಪುತ್ತಿಲ್ಲ. 2009ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಗಾಗಿಯೇ ಫಿನ್ಲೆಂಡಿನ ಸಂಶೋಧಕರು ನಡೆಸಿದ ಅಧ್ಯಯನವು ಮಿತಿಯನ್ನು 80 ಅಥವಾ 85 ಮಿಲಿಸೆಕೆಂಡಿಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಸಂಸ್ಥೆ ಇಳಿಸಲಿಲ್ಲ. ಪೊವೆಲ್‌ನ ಅಂಕಿ 86, ಅಟ್ಲಾಂಟಾದಲ್ಲಿ ಕ್ರಿಸ್ಟಿಯ ಎರಡನೆಯ ಬಾರಿಯ ಅಂಕಿಯೂ 86. ಶಿಫಾರಸಾದ ಮಿತಿ ಆಗ ಇದ್ದಿದ್ದರೆ ಯಂತ್ರ ಅವರಿಬ್ಬರನ್ನೂ ದೂರುತ್ತಿರಲಿಲ್ಲ. ಡ್ರಮಂಡ್‌ನ 52 ಮಾತ್ರ ಯಾವ ಲೆಕ್ಕದಲ್ಲೂ ಉಳಿಯುತ್ತಿರಲಿಲ್ಲ, ಮಲಗಿದರೂ ಎದ್ದರೂ.

ಹೆಂಗಸರ ವಿಷಯದಲ್ಲಿ ತೊಡಕು ಬೇರೆ ರೀತಿಯದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಅಂಕಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನವು ಪುರುಷರ ಪ್ರತಿಕ್ರಿಯೆಯ ಕೆಳಮಿತಿ 109, ಮಹಿಳೆಯರದು 121 ಮಿಲಿಸೆಕೆಂಡು ಎಂದು ಅಂದಾಜು ಮಾಡಿತು. ಮಹಿಳೆಯರ ಕಿವಿಯೋ ಮೆದುಳೋ ಮಂದವೆಂದು ಇದರ ಅರ್ಥವಲ್ಲ. ಯಂತ್ರ ಎಚ್ಚರಗೊಳ್ಳಲು ಬೇಕಾದ ಬಲದ ಮಟ್ಟ ಇಬ್ಬರಿಗೂ ಒಂದೇ ಆಗಿರುವುದರಿಂದ ಅದನ್ನು ಮುಟ್ಟಲು ಮಹಿಳೆಯರಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಅಂದರೆ ಮಹಿಳೆಯರಲ್ಲಿ ಗುಂಡನ್ನು ಸ್ವಲ್ಪ ಊಹಿಸಿ ಹೊರಟವಳು ಸಿಕ್ಕಿಬೀಳದೆ ಹೋಗಬಹುದು. ಫಿನ್ಲೆಂಡಿನವರ ಲೆಕ್ಕ ಸರಿಯಾದರೆ ಪುರುಷರಲ್ಲಿ ಊಹಿಸದೆ ಹೊರಟವನೂ ಸಿಕ್ಕಿಬೀಳಬಹುದು. ಒಂದೇ ಗೆರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ.

ಸಂವೇದಕ

ನಾನು ಹುಟ್ಟಿದ್ದು ಗೋಣಿಕೊಪ್ಪ, ಹೊಟ್ಟೆಪಾಡು ಬೆಂಗಳೂರಿನ ಅಳತೆ ಉಪಕರಣಗಳ ಕಂಪನಿಯೊಂದರಲ್ಲಿ. ಫಿಸಿಯೋ ಅವರು ಬರೆದ 'ಯಂತ್ರಕ್ಕೆ ಗೊತ್ತಾಗುವ ಮಟ್ಟ' ಎಂಬ ಮಾತನ್ನು ಸ್ವಲ್ಪ ಬಿಡಿಸುತ್ತೇನೆ, ಏಕೆಂದರೆ ವಿವಾದದ ಬೇರು ಅಲ್ಲಿದೆ.

ಬ್ಲಾಕಿಗೆ ಅಳವಡಿಸಿದ ಸಂವೇದಕ ಓಟಗಾರನ ಮನಸ್ಸನ್ನು ಓದುವುದಿಲ್ಲ. ಒತ್ತಡ ಅಥವಾ ಕಂಪನದ ಏರಿಳಿತವನ್ನು ಓದುತ್ತದೆ. 'ಸೆಟ್' ಭಂಗಿಯಲ್ಲೂ ಒತ್ತಡ ಸೊನ್ನೆಯಾಗಿರುವುದಿಲ್ಲ, ದೇಹದ ಭಾರ ಬ್ಲಾಕಿನ ಮೇಲೆ ಇದ್ದೇ ಇರುತ್ತದೆ, ಕಾಲು ಸಣ್ಣಗೆ ನಡುಗುತ್ತಲೂ ಇರುತ್ತದೆ. ಆ ನಡುಕಕ್ಕೂ ಹೊರಡುವ ತಳ್ಳುವಿಕೆಗೂ ನಡುವೆ ಎಲ್ಲೋ ಒಂದು ಗೆರೆಯನ್ನು ತಯಾರಕರು ಎಳೆಯುತ್ತಾರೆ. ಗೆರೆ ಕೆಳಗಿದ್ದರೆ ಪ್ರತಿಕ್ರಿಯೆ ವೇಗವಾಗಿ ಕಾಣುತ್ತದೆ, ಮೇಲಿದ್ದರೆ ನಿಧಾನವಾಗಿ ಕಾಣುತ್ತದೆ. ಓಟಗಾರ ಅವನೇ, ಓಟ ಅದೇ, ಯಂತ್ರ ಬದಲಾದರೆ ಅಂಕಿ ಬದಲು. ಆದರೆ 100 ಎಂಬ ಮಿತಿ ಮಾತ್ರ ಎಲ್ಲ ಯಂತ್ರಗಳಿಗೂ ಒಂದೇ.

2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಇದಕ್ಕೆ ದೊಡ್ಡ ಸಾಕ್ಷಿ. ಆ ವರ್ಷ ಜೂನ್‌ನಲ್ಲಿ 12.84 ಸೆಕೆಂಡಿನಲ್ಲಿ 110 ಮೀಟರ್ ಹರ್ಡಲ್ಸ್ ಓಡಿದ್ದ ಡೆವನ್ ಆಲೆನ್ ತನ್ನ ವಿಶ್ವವಿದ್ಯಾಲಯದ ಊರಿನ ಪ್ರೇಕ್ಷಕರ ಎದುರು ಫೈನಲ್‌ಗೆ ನಿಂತಿದ್ದ. ಸೆಮಿಫೈನಲ್‌ನಲ್ಲಿ ಅವನ ಪ್ರತಿಕ್ರಿಯೆ 0.101, ಯಾರೂ ತಕರಾರು ಮಾಡಲಿಲ್ಲ. ಫೈನಲ್‌ನಲ್ಲಿ 0.099 ಬಂತು, ಹೊರಗೆ. ಅದೇ ಕೂಟದ ಮಹಿಳೆಯರ 100 ಮೀಟರ್ ಸೆಮಿಫೈನಲ್‌ನಲ್ಲಿ ಜೂಲಿಯನ್ ಆಲ್ಫ್ರೆಡ್ 0.095ಕ್ಕೆ ಹೊರಗಾದಳು. ಎರಡು ವರ್ಷದ ನಂತರ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವಳು ಅವಳೇ. ಯೂಜೀನ್‌ನ ಪ್ರತಿಕ್ರಿಯಾ ಸಮಯಗಳು ಒಟ್ಟಾರೆಯಾಗಿ ಹಿಂದಿನ ಕೂಟಗಳಿಗಿಂತ ವೇಗವಾಗಿದ್ದವು ಎಂಬುದನ್ನು ಅಂಕಿಸಂಖ್ಯೆ ಬಲ್ಲ ಹಲವರು ತೋರಿಸಿದರು. ಜಗತ್ತಿನ ಓಟಗಾರರೆಲ್ಲ ಒಂದೇ ವಾರದಲ್ಲಿ ಚುರುಕಾದರು ಎನ್ನುವುದಕ್ಕಿಂತ ಯಂತ್ರದ ಗೆರೆ ಬೇರೆ ಕಡೆ ಇತ್ತು ಎನ್ನುವುದು ನನ್ನ ಬುದ್ಧಿಗೆ ಹೆಚ್ಚು ಹೊಂದುತ್ತದೆ.

ಆಲೆನ್‌ನನ್ನು ಕೆಡವಿದ ಆ ಒಂದು ಮಿಲಿಸೆಕೆಂಡು ಎಷ್ಟು ಎಂದು ತಿಳಿಯಬೇಕಾದರೆ ಶಬ್ದದ ವೇಗದಿಂದ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್, ಮುಕ್ಕಾಲು ಮೊಳ. ಬೆನ್ನ ಹಿಂದಿನ ಧ್ವನಿವರ್ಧಕವನ್ನು ಮುಕ್ಕಾಲು ಮೊಳ ಹಿಂದಕ್ಕೆ ಸರಿಸಿದ್ದರೆ ಅವನು ಶಬ್ದ ಕೇಳುವುದು ಅಷ್ಟು ತಡವಾಗಿ, ಯಂತ್ರದ ಅಂಕಿ 0.100 ಆಗುತ್ತಿತ್ತು. ನನ್ನ ವೃತ್ತಿಯಲ್ಲಿ, ಇಷ್ಟು ಅನಿಶ್ಚಿತತೆ ಇರುವ ಅಳತೆಯ ಮೇಲೆ ಯಾರಾದರೂ ಅಂತಿಮ ತೀರ್ಮಾನ ಬರೆದರೆ ಆ ವರದಿಯನ್ನು ಹಿಂದಕ್ಕೆ ಕಳಿಸುತ್ತೇವೆ.

ಗದ್ದೆಬದಿ, ನಾಪೋಕ್ಲು

ನಿಮ್ಮ ಮಿಲಿಸೆಕೆಂಡುಗಳ ನಡುವೆ ಒಂದು ಹಳೆಯ ಮಾತು. ನಮ್ಮಲ್ಲಿ ನಾಟಿ ಮುಗಿದ ದಿನ ದೊಡ್ಡ ಗದ್ದೆಯಲ್ಲಿ ನಾಟಿ ಓಟ ಇಡುತ್ತಿದ್ದರು. ಮೊಣಕಾಲವರೆಗೆ ಕೆಸರು, ಬದುವಿನ ಮೇಲೆ ನಿಂತ ಹಿರಿಯರೊಬ್ಬರ ಕೂಗೇ ಗುಂಡು. ಮುಂಚೆ ಹೊರಟವರನ್ನು ಬೈದು ವಾಪಸು ಕರೆಯುತ್ತಿದ್ದರು, ಹೊರಗೆ ಹಾಕಿದ್ದು ನನಗೆ ನೆನಪಿಲ್ಲ. ಕೆಸರಿನಲ್ಲಿ ಒಂದು ಹೆಜ್ಜೆ ಮುಂಚೆ ಹೊರಟವನಿಗೆ ಅದರಿಂದ ಲಾಭವೂ ಆಗುತ್ತಿರಲಿಲ್ಲವೆನ್ನಿ.

ಇನ್ನೊಂದು ಸಂಗತಿ ನೀವು ಯಾರೂ ಹೇಳಲಿಲ್ಲ. ನಾನು ಓದಿದ ಶಾಲೆಯ ಮೈದಾನದ ಆಚೆ ನೇರ ಗುಡ್ಡ. ಗುಂಡು ಹೊಡೆದರೆ ಮಾರ್ದನಿ ತಿರುಗಿ ಬರುತ್ತಿತ್ತು. ವಾಪಸು ಕರೆಯಲು ಎರಡನೇ ಗುಂಡು ಹೊಡೆಯುತ್ತಾರೆಂದು ಮೇಷ್ಟ್ರು ಮೊದಲೇ ಹೇಳಿಕೊಟ್ಟಿದ್ದರು. ಮಾರ್ದನಿಯನ್ನೇ ಎರಡನೇ ಗುಂಡೆಂದು ತಿಳಿದು ನಾವು ಮೂವರು ನಿಂತುಬಿಟ್ಟೆವು, ಉಳಿದವರು ಓಡಿ ಬಹುಮಾನ ತೆಗೆದುಕೊಂಡರು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕೇಳಿ ಬೆಳೆದ ಮಕ್ಕಳೇ ಹೀಗೆ ಮೋಸ ಹೋದರು.

ನಿವೃತ್ತ ಸ್ಟಾರ್ಟರ್, ಸೋಮವಾರಪೇಟೆ

ಗದ್ದೆಬದಿಯವರು ನಕ್ಕು ಹೇಳಿದರೂ ಅವರ ಮಾತಿನಲ್ಲಿ ತಿರುಳಿದೆ. ಸಂವೇದಕದವರು ಕೊಟ್ಟ ಲೆಕ್ಕವನ್ನು ನಮ್ಮ ಮೈದಾನಕ್ಕೆ ಹಾಕಿ ನೋಡಿದೆ. ಸ್ಟಾರ್ಟರ್ ಒಂದನೇ ಲೇನಿನ ಪಕ್ಕದಲ್ಲಿ, ಗೆರೆಯ ನೇರಕ್ಕೆ ನಿಂತಿದ್ದಾನೆ ಎನ್ನಿ. ಲೇನಿನ ಅಗಲ 1.22 ಮೀಟರ್, ಆರನೇ ಲೇನಿನವಳು ಒಂದನೆಯವಳಿಗಿಂತ 6.1 ಮೀಟರ್ ದೂರ. ಶಬ್ದ ಅವಳನ್ನು ತಲುಪುವುದು 18 ಮಿಲಿಸೆಕೆಂಡು ತಡವಾಗಿ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಗೆರೆ ದಾಟುವ ಹುಡುಗಿಗೆ ಅದು 14 ಸೆಂಟಿಮೀಟರ್, ಅರ್ಧ ಗೇಣಿಗಿಂತ ಹೆಚ್ಚು. ಎಷ್ಟು ಓಟಗಳ ತೀರ್ಪು ಅರ್ಧ ಗೇಣಿನಲ್ಲಿ ಆಗಿದೆಯೆಂದು ನನಗೆ ಗೊತ್ತು. 200 ಮೀಟರ್ ಓಟದಲ್ಲಂತೂ ಎಂಟನೇ ಲೇನಿನವನು ಒಂದನೆಯವನಿಗಿಂತ 26 ಮೀಟರಿಗೂ ಮುಂದೆ ನಿಂತಿರುತ್ತಾನೆ, ಅವನಿಗೆ ಗುಂಡು ಕೇಳುವುದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ತಡವಾಗಿ. ಅಥೆನ್ಸ್‌ನ 2004ರ ಒಲಿಂಪಿಕ್ಸ್‌ನ ಅಂಕಿಗಳಲ್ಲೂ ಒಂದನೇ ಲೇನಿನವರ ಪ್ರತಿಕ್ರಿಯೆ ಉಳಿದವರಿಗಿಂತ ಚುರುಕಾಗಿ ಕಂಡಿತೆಂದು ಸಂಶೋಧಕರು ಬರೆದಿದ್ದಾರೆ. ಹತ್ತಿರದ ಗುಂಡು ಬೇಗ ಕೇಳುವುದಷ್ಟೇ ಅಲ್ಲ, ಜೋರಾಗಿಯೂ ಕೇಳುತ್ತದೆ, ಜೋರಾದ ಶಬ್ದಕ್ಕೆ ದೇಹ ಬೆಚ್ಚಿ ಇನ್ನೂ ಬೇಗ ಹೊರಡುತ್ತದೆ ಎಂಬುದು ಅವರ ವಿವರಣೆ.

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಸ್ಟಾರ್ಟರ್ ಗೆರೆಯ ಪಕ್ಕದಲ್ಲಿ ನಿಲ್ಲದೆ, ಎಲ್ಲರನ್ನೂ ಒಂದೇ ನೋಟದಲ್ಲಿ ಕಾಣುವಂತೆ ಹಿಂದಕ್ಕೆ ಸರಿದು, ಎಲ್ಲ ಲೇನ್‌ಗಳಿಗೂ ಆದಷ್ಟು ಸಮದೂರದಲ್ಲಿ ನಿಲ್ಲಬೇಕು. ನಿಯಮಪುಸ್ತಕ ಹೇಳುವುದೂ ಅದನ್ನೇ. ನಾನು ಇದನ್ನು ಕಲಿತದ್ದು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದ ಮೇಲೆ. ಅದಕ್ಕೆ ಮುಂಚೆ ಆರನೇ ಲೇನಿನಲ್ಲಿ ಓಡಿದ ಮಕ್ಕಳ ಕ್ಷಮೆ ಕೇಳಬೇಕು.

ಹಳೆಯ ಹರ್ಡಲ್ಸ್ ಓಟಗಾರ್ತಿ, ಪೊನ್ನಂಪೇಟೆ

ರಾಜ್ಯಮಟ್ಟದವರೆಗೆ ಓಡಿದ್ದ ನನಗೆ ಎರಡು ಬಾರಿ ಫಾಲ್ಸ್ ಸ್ಟಾರ್ಟ್ ಆಗಿದೆ. ಒಂದರಲ್ಲಿ ತಪ್ಪು ನನ್ನದೇ. ಇನ್ನೊಂದರಲ್ಲಿ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. 'ಸೆಟ್' ಎಂದು ಸೊಂಟ ಎತ್ತಿದ ಮೇಲೆ ಕಣ್ಣು ನೆಲದ ಮೇಲಿದ್ದರೂ ಪಕ್ಕದ ಲೇನಿನ ನೆರಳು ಅಂಚಿನಲ್ಲಿ ಕಾಣುತ್ತದೆ. ಅದು ಅಲುಗಿದರೆ ದೇಹ ಕೇಳದೆಯೇ ಹೊರಡುತ್ತದೆ. ಅದನ್ನು ಊಹಿಸಿ ಹೊರಟಿದ್ದೆಂದು ಕರೆಯುವುದು ಅನುಭವವಿಲ್ಲದವರ ಮಾತು.

ಜ್ಯೋತಿ ಯರ್ರಾಜಿ ಅವರಿಗೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. 2023ರ ಅಕ್ಟೋಬರ್ 1, 100 ಮೀಟರ್ ಹರ್ಡಲ್ಸ್ ಫೈನಲ್. ಚೀನಾದ ವೂ ಯಾನ್ನಿ ಗುಂಡಿಗಿಂತ ಮುಂಚೆ ಹೊರಟಳು, ಪಕ್ಕದಲ್ಲಿದ್ದ ಜ್ಯೋತಿಯೂ ಎದ್ದರು. ಮೊದಲು ಇಬ್ಬರನ್ನೂ ಹೊರಗೆ ಕಳಿಸಲು ಹೊರಟರು. ಜ್ಯೋತಿ ಪಟ್ಟು ಹಿಡಿದು ದೃಶ್ಯವನ್ನು ನೋಡಿರೆಂದರು, ಕೊನೆಗೆ ಇಬ್ಬರಿಗೂ ಓಡಲು ಬಿಟ್ಟರು, ಓಟ ಮುಗಿದ ಮೇಲೆ ಪರಿಶೀಲಿಸಿ ವೂ ಅವರನ್ನು ಅನರ್ಹಗೊಳಿಸಿದರು. 12.91ರಲ್ಲಿ ಮೂರನೆಯವರಾಗಿ ಬಂದಿದ್ದ ಜ್ಯೋತಿಗೆ ಬೆಳ್ಳಿ ಸಿಕ್ಕಿತು. ಕಕ್ಕಡ ಮಳೆಯವರೇ, ನಿಮ್ಮ ಸೊಸೆಯದು ಇದೇ ಕಥೆ, ದೃಶ್ಯವನ್ನು ನೋಡಿರೆನ್ನಲು ದೃಶ್ಯವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಓಡಿಸಿ ಆಮೇಲೆ ತೀರ್ಮಾನಿಸುವುದರಲ್ಲಿ ಯಾರಿಗೆ ಏನು ನಷ್ಟ? ತಪ್ಪು ಖಚಿತವಾದರೆ ಫಲಿತಾಂಶದಿಂದ ಹೆಸರು ತೆಗೆಯಬಹುದು. ಆದರೆ ಓಡಿಸದೆ ಕಳಿಸಿದ ಮೇಲೆ ತಪ್ಪಿರಲಿಲ್ಲವೆಂದು ಗೊತ್ತಾದರೆ ಆ ಓಟವನ್ನು ಎಲ್ಲಿಂದ ತಂದುಕೊಡುತ್ತೀರಿ?

ಹಾರಂಗಿಯವರು ಹಳೆಯ ಗುಂಪಿನ ಲೆಕ್ಕದ ನಿಯಮವನ್ನು ಕಿಲಾಡಿತನವೆಂದರು. ಹೆಪ್ಟಾಥ್ಲಾನ್, ಡೆಕಾಥ್ಲಾನ್‌ಗಳಲ್ಲಿ ಅದು ಈಗಲೂ ಇದೆ, ಮೊದಲ ತಪ್ಪಿಗೆ ಎಚ್ಚರಿಕೆ ಮಾತ್ರ. ನಮ್ಮ ಕೊಡಗಿನವರೇ ಆದ ಪ್ರಮೀಳಾ ಅಯ್ಯಪ್ಪ 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಹೆಪ್ಟಾಥ್ಲಾನ್ ಕಂಚು ಗೆದ್ದದ್ದು ಆ ನಿಯಮದಡಿಯಲ್ಲಿ. ಏಳು ಸ್ಪರ್ಧೆಗಳ ಎರಡು ದಿನದ ಶ್ರಮ ಒಂದು ಅಲುಗಾಟಕ್ಕೆ ಹಾಳಾಗಬಾರದೆಂಬ ಕಾರಣಕ್ಕೆ ಅಲ್ಲಿ ಸಡಿಲಿಕೆ. ಮಳೆಗಾಲದಲ್ಲಿ ಮೂರು ತಿಂಗಳು ಶಾಲೆಯ ಜಗಲಿಯಲ್ಲಿ ಅಭ್ಯಾಸ ಮಾಡಿ ವರ್ಷಕ್ಕೆ ಒಂದೇ ಕೂಟಕ್ಕೆ ಬರುವ ಹುಡುಗಿಯ ಶ್ರಮಕ್ಕೆ ಆ ಲೆಕ್ಕ ಏಕಿಲ್ಲ?

ಹಾರಂಗಿ ದಂಡೆ, ಕುಶಾಲನಗರ

ಅಕ್ಕ, ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮಕ್ಕಳ ಕೂಟಕ್ಕೆ ಒಂದು ಎಚ್ಚರಿಕೆಯ ಪದ್ಧತಿ ಇರಲಿ, ಒಪ್ಪುತ್ತೇನೆ. ಆದರೆ ಓಡಿಸಿ ಆಮೇಲೆ ನೋಡುವುದೆಂದರೆ ನೋಡಲು ಏನಾದರೂ ಇರಬೇಕು. ಯಾರೋ ಪೋಷಕರು ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ನಂಬಿದರೆ ನಾಳೆ ಪ್ರತಿ ಹೀಟ್ಸ್‌ಗೂ ಹತ್ತು ಮೊಬೈಲುಗಳು ತೀರ್ಪುಗಾರರ ಮುಂದೆ ಬರುತ್ತವೆ. ಮಧ್ಯಾಹ್ನ ಮೂರಕ್ಕೆ ಮತ್ತೆ ಮಳೆ ಹಿಡಿಯುವ ಊರಿನಲ್ಲಿ ಕೂಟ ಮುಗಿಯುವುದು ಯಾವಾಗ?

ಸಂವೇದಕ

ಪೋಷಕರ ಮೊಬೈಲು ಬೇಡ, ಸಂಘಟಕರದೇ ಒಂದು ಸಾಕು. ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಚಿತ್ರಕ್ಕೂ ಚಿತ್ರಕ್ಕೂ 33 ಮಿಲಿಸೆಕೆಂಡು ಅಂತರ, ಅದರಿಂದ ಸೂಕ್ಷ್ಮ ತೀರ್ಪು ಆಗದು. ಸ್ಲೋ ಮೋಷನ್‌ನಲ್ಲಿ 240 ಚಿತ್ರ ತೆಗೆಯುವ ಮೊಬೈಲುಗಳಿವೆ, ಆಗ ಅಂತರ ಸುಮಾರು 4 ಮಿಲಿಸೆಕೆಂಡಿಗೆ ಇಳಿಯುತ್ತದೆ. ಅದನ್ನು ಕಂಬಕ್ಕೆ ಕಟ್ಟಿ ಗೆರೆಯ ನೇರಕ್ಕೆ ಇಟ್ಟು, ಕ್ಲ್ಯಾಪರ್ ಹಲಗೆಯೂ ಅದೇ ಚಿತ್ರದಲ್ಲಿ ಕಾಣುವಂತೆ ಮಾಡಬೇಕು. ಶಬ್ದವನ್ನು ನಂಬಬೇಡಿ, ಅದು ಮೊಬೈಲಿಗೂ ತಡವಾಗಿಯೇ ತಲುಪುತ್ತದೆ. ಹಲಗೆಗಳು ಕೂಡಿದ ಚಿತ್ರ ಯಾವುದು, ಕೈ ನೆಲ ಬಿಟ್ಟ ಚಿತ್ರ ಯಾವುದು ಎಂದು ಎಣಿಸಿದರೆ ಸಾಕು. ಇದರಿಂದ 99ಕ್ಕೂ 101ಕ್ಕೂ ವ್ಯತ್ಯಾಸ ಹೇಳಲಾಗದು, ಹೇಳಬಾರದು ಕೂಡ. ಇಬ್ಬರಲ್ಲಿ ಯಾರು ಮೊದಲು ಅಲುಗಿದರು ಎಂಬುದನ್ನು ಮಾತ್ರ ಧಾರಾಳವಾಗಿ ಹೇಳಬಹುದು.

ಫಿಸಿಯೋ, ಮಡಿಕೇರಿ

ಮತ್ತು ನಮ್ಮ ಮಕ್ಕಳ ಕೂಟಕ್ಕೆ ಬೇಕಾದದ್ದು ಅಷ್ಟೇ. 100 ಮಿಲಿಸೆಕೆಂಡಿನ ಮಿತಿ ಯಂತ್ರವಿಲ್ಲದ ಕಡೆ ಅನ್ವಯವೇ ಆಗದು. ಅಲ್ಲಿ ಉಳಿಯುವುದು ಗುಂಡಿಗಿಂತ ಮುಂಚೆ ಹೊರಟಳೇ, ಹೊರಡಿಸಿದವರು ಯಾರು ಎಂಬ ಎರಡು ಪ್ರಶ್ನೆಗಳು.

ಕಕ್ಕಡ ಮಳೆ, ವಿರಾಜಪೇಟೆ

ಇಷ್ಟು ಜನ ಸಮಯ ಕೊಟ್ಟು ಬರೆದದ್ದಕ್ಕೆ ಋಣಿ. ಮೇಷ್ಟ್ರು ಹೇಳಿದ ವಿವರಣೆಯನ್ನು ಪ್ರಿಂಟ್ ತೆಗೆದು ಸಂಘಟಕರಿಗೆ ಕೊಟ್ಟು ಬಂದೆ. ಮುಗಿದ ಓಟವನ್ನು ಬದಲಿಸಲಾಗದು ಎಂದರು, ನಾನೂ ಅದನ್ನು ಕೇಳಲಿಲ್ಲ. ಮುಂದಿನ ಕೂಟದಲ್ಲಿ ಇಬ್ಬರು ರೀಕಾಲರುಗಳನ್ನು ಬೇರೆ ಕೆಲಸಕ್ಕೆ ಹಾಕದೆ ಗೆರೆಯ ಬಳಿಯೇ ನಿಲ್ಲಿಸುವುದಾಗಿಯೂ, ಮೊದಲ ತಪ್ಪಿಗೆ ಎಚ್ಚರಿಕೆ ಎಂದು ಕೂಟದ ಆರಂಭದಲ್ಲೇ ಮೈಕಿನಲ್ಲಿ ಸಾರುವುದನ್ನು ಪರಿಶೀಲಿಸುವುದಾಗಿಯೂ ಹೇಳಿದ್ದಾರೆ. ಮೊಬೈಲಿನ ಮಾತೆತ್ತಿದಾಗ ಮುಖ ಸಿಂಡರಿಸಿದರು.

ಹುಡುಗಿಗೆ ಜ್ಯೋತಿ ಅವರ ಓಟದ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, "ಮಾವ, ಅವರು ಅಷ್ಟು ಹೊತ್ತು ವಾದ ಮಾಡಿದರಲ್ಲ, ನಾನು ಯಾಕೆ ಸುಮ್ಮನೆ ಬಂದುಬಿಟ್ಟೆ?" ಎಂದು ಕೇಳಿದಳು. ಪಕ್ಕದ ಲೇನು ಅಲುಗಿದರೂ ತಾನು ಅಲುಗದೆ ಕೂರುವ ಅಭ್ಯಾಸ ಮಾಡಬೇಕಂತೆ, ಅದಕ್ಕೆ ಬೇಕೆಂದೇ ಅಲುಗುವವರೊಬ್ಬರು ಪಕ್ಕದಲ್ಲಿ ಬೇಕಂತೆ. ಆ ಕೆಲಸ ನನಗೆ ಬಂದಿದೆ. ಕ್ಲ್ಯಾಪರ್ ಹೊಡೆಯಲು ಯಾರೂ ಇಲ್ಲ. ಮೇಷ್ಟ್ರೇ, ಸೋಮವಾರಪೇಟೆಯಿಂದ ಇಲ್ಲಿಗೆ ದೂರವೆಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ನಿವೃತ್ತ ಸ್ಟಾರ್ಟರ್, ಸೋಮವಾರಪೇಟೆ

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಲಗೆ ನನ್ನದೇ ಇದೆ, ಕೀಲಿಗೆ ಎಣ್ಣೆ ಹಾಕಬೇಕು. ಅವಳನ್ನು ಆರನೇ ಲೇನಿನಲ್ಲಿ ನಿಲ್ಲಿಸಿ.